ತಾಯಂದಿರ ಬಾಯಿಂದ ಬಂದ ‘ಫಣಿಯಮ್ಮ’

ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರಿಗೆ ಪ್ರಾಥಮಿಕ ಶಾಲೆಯಾಚೆ ಓದು ದಕ್ಕಲಿಲ್ಲ. ಹನ್ನೆರಡಕ್ಕೇ ಮದುವೆ. ಮೊದಲ ಕಾದಂಬರಿ ‘ತುಂಗಭದ್ರ’ ಹೊರಬಂದದ್ದು 1963ರಲ್ಲಿ, ನಲವತ್ತು ದಾಟಿದ ಮೇಲೆ. ಅಷ್ಟು ಹೊತ್ತಿಗೆ ಅವರ ಕಿವಿಯಲ್ಲಿ ಮಲೆನಾಡಿನ ಮನೆಗಳ ಒಳಮಾತು ತುಂಬಿಹೋಗಿತ್ತು.

1976ರ ‘ಫಣಿಯಮ್ಮ’ ಹುಟ್ಟಿದ್ದು ಆ ಒಳಮಾತಿನಿಂದಲೇ. ಎಳವೆಯಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಒಪ್ಪೊತ್ತು ಉಂಡು ನೂರು ವರ್ಷ ದಾಟಿ ಬದುಕಿದ ಬಂಧುವೊಬ್ಬರ ಕಥೆ ಇಂದಿರಾ ಅವರಿಗೆ ಸಿಕ್ಕಿದ್ದು ತಾಯಿಯಿಂದ. ಹೆಂಗಸರು ಹೆಂಗಸರಿಗೆ ಹೇಳಿದ್ದು ಹಾಗೆ ಉಳಿಯಿತು.

ಕಾದಂಬರಿಯ ಒಂದು ಪ್ರಸಂಗ ಮರೆಯುವಂಥದ್ದಲ್ಲ. ದಲಿತ ಹೆಣ್ಣೊಬ್ಬಳ ಹೆರಿಗೆ ಕಷ್ಟವಾಗಿದೆ; ಮಗುವನ್ನು ಹೊರತೆಗೆಯಲು ಸಣ್ಣ ಕೈ ಬೇಕು. ಮಡಿಯಲ್ಲೇ ಬದುಕು ಸವೆಸಿದ ಫಣಿಯಮ್ಮ ಕತ್ತಲಲ್ಲಿ ಹೋಗಿ ಆ ಕೆಲಸ ಮಾಡುತ್ತಾಳೆ. ಹೆರದ ಹೆಣ್ಣು ಹೆರಿಗೆ ಮಾಡಿಸುತ್ತಾಳೆ! ಇಂದಿರಾ ಇಲ್ಲಿ ದನಿ ಏರಿಸುವುದೇ ಇಲ್ಲ. ಮುಂದೆ ತಲೆ ಬೋಳಿಸಿಕೊಳ್ಳಲು ಒಲ್ಲೆನೆಂದ ತರುಣ ವಿಧವೆ ದಾಕ್ಷಾಯಿಣಿಯ ಪರ ನಿಲ್ಲುವವಳೂ ಇದೇ ಮುದುಕಿ.

1983ರಲ್ಲಿ ಪ್ರೇಮಾ ಕಾರಂತ ಇದನ್ನು ಸಿನಿಮಾ ಮಾಡಿದರು, ಎಲ್. ವಿ. ಶಾರದಾ ಫಣಿಯಮ್ಮನಾದರು.

ಕಾದಂಬರಿಯನ್ನು 1989ರಲ್ಲಿ ಇಂಗ್ಲಿಷಿಗೆ ತಂದವರು ತೇಜಸ್ವಿನಿ ನಿರಂಜನ. ಅವರ ತಾಯಿ ಅನುಪಮಾ ನಿರಂಜನ ಕಾದಂಬರಿಕಾರ್ತಿ, ವೈದ್ಯೆ; ‘ತಾಯಿ-ಮಗು’ ಬರೆದು ಎಷ್ಟೋ ಬಸುರಿ, ಬಾಣಂತಿಯರ ಭಯ ಕಳೆದವರು. ಮಲೆನಾಡಿನ ಬಾಣಂತಿ ಕೋಣೆಯ ಮಾತನ್ನು ಬೇರೆ ಭಾಷೆಗೆ ದಾಟಿಸಲು ಇಂಥ ಮನೆಯಲ್ಲಿ ಬೆಳೆದ ಮಗಳಿಗಿಂತ ತಕ್ಕವರು ಸಿಗುವುದು ಕಷ್ಟವಿತ್ತು.