ಕಾಲುಚೀಲ ಗಿಡ್ಡ ಆಯ್ತು

ಮೂವತ್ತು ಜನ ಸೇರಿ ನಾಲ್ಕೇ ಜನ ಮಾತಾಡುವ ಮೀಟಿಂಗುಗಳು ಎಲ್ಲ ಆಫೀಸಲ್ಲೂ ಇರುತ್ತವೆ. ನನ್ನ ಹೆಣಿಗೆಯ ಮುಕ್ಕಾಲು ಪಾಲು ಆಗುವುದು ಅಲ್ಲೇ. ಕ್ಯಾಮೆರಾ ಆಫ್, ಮೈಕ್ ಮ್ಯೂಟ್, ಕೈಯಲ್ಲಿ ಎರಡು ಕಡ್ಡಿ, ಮಡಿಲಲ್ಲಿ ಉಲ್ಲನ್ ಉಂಡೆ. ಕಾದಂಬರಿಗೆ ಮೆಟ್ರೋ, ಅದೂ ಸೀಟು ಸಿಕ್ಕ ದಿನ. ಹೀಗೆ ಚೂರುಚೂರು ಮಾಡಿ ಹಂಚಿಕೊಂಡರೂ ಸ್ವೆಟರೂ ಮುಗಿಯಲ್ಲ, ಪುಸ್ತಕವೂ ಮುಗಿಯಲ್ಲ. ಎರಡನ್ನೂ ಒಟ್ಟಿಗೇ ಮಾಡು, ಆಡಿಯೋಬುಕ್ ಹಾಕ್ಕೊಂಡು ಹೆಣಿ ಅಂತ ಸಲಹೆ ಕೊಡದ ಸ್ನೇಹಿತರಿಲ್ಲ.

ಸರಿ, ನೋಡೋಣ ಅಂತ ಮಾಡಿದೆ. ವರ್ಜೀನಿಯಾ ವುಲ್ಫ್‌ಳ ‘ಟು ದ ಲೈಟ್‌ಹೌಸ್’, ಒಂದೂವರೆ ಪಟ್ಟು ಸ್ಪೀಡಿನಲ್ಲಿ. ಅದರಲ್ಲಿ ಹೆಣೆಯುವ ಹೆಂಗಸೊಬ್ಬಳು ಇದ್ದಾಳೆ ಅನ್ನೋದಷ್ಟೇ ನಾನು ಆ ಪುಸ್ತಕ ಆರಿಸಿದ್ದಕ್ಕೆ ಕಾರಣ. ಮೂರು ಸಂಜೆಗೆ ಮುಗಿದೇಹೋಯ್ತು. ನೆನಪಲ್ಲಿ ಉಳಿದದ್ದು ಓದಿದವಳ ದನಿ ಮಾತ್ರ. ಸ್ವೆಟರಿನಲ್ಲಿ ಹನ್ನೊಂದು ಸಾಲು ಕೆಳಗೆ ಸೀದಾ ಹಾಕಬೇಕಾದಲ್ಲಿ ಉಲ್ಟಾ ಹಾಕಿದ್ದೆ, ಅಷ್ಟನ್ನೂ ಬಿಚ್ಚಿದೆ. ಆಮೇಲೆ ಪುಸ್ತಕವನ್ನೇ ತಂದು ಓದಿದೆ. ಒಂದೂವರೆ ತಿಂಗಳು ಹಿಡಿಯಿತು. ಈಗ ಬರೀತಿರೋದು ಆ ಎರಡನೇ ಓದಿನ ಬಗ್ಗೆ.

1927ರಲ್ಲಿ ಬಂದ ಕಾದಂಬರಿ. ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ರಾಮ್ಸೆ ಕುಟುಂಬದ ಬೇಸಿಗೆ ಮನೆ. ಎಂಟು ಮಕ್ಕಳು, ತತ್ವಶಾಸ್ತ್ರಜ್ಞ ಗಂಡ, ಒಂದಷ್ಟು ಅತಿಥಿಗಳು. ನಾಳೆ ದೋಣಿಯಲ್ಲಿ ದೀಪಸ್ತಂಭಕ್ಕೆ ಹೋಗಬೇಕು ಅಂತ ಪುಟ್ಟ ಜೇಮ್ಸ್‌ಗೆ ಆಸೆ. ದೀಪ ಕಾಯುವವನಿಗೊಬ್ಬ ಮಗ ಇದ್ದಾನೆ, ಅವನಿಗೆ ಸೊಂಟದ ಕ್ಷಯ. ಮಿಸೆಸ್ ರಾಮ್ಸೆ ಆ ಹುಡುಗನಿಗೆ ಕೆಂಗಂದು ಬಣ್ಣದ ಕಾಲುಚೀಲ ಹೆಣೀತಿದ್ದಾಳೆ. ಮುಗಿದರೆ ಅದರ ಜೊತೆ ಹಳೇ ಮ್ಯಾಗಜೀನು, ಒಂದಿಷ್ಟು ಹೊಗೆಸೊಪ್ಪು ಕೊಟ್ಟು ಬರೋದು. ಹವೆ ಚೆನ್ನಾಗಿರಲ್ಲ, ಹೋಗಕ್ಕಾಗಲ್ಲ ಅಂತ ಗಂಡ ಮತ್ತೆಮತ್ತೆ ಹೇಳ್ತಾನೆ. ಕಥೆ ಅಂತ ಇರೋದು ಇಷ್ಟೇ.

ಅಳತೆ ನೋಡೋಕೆ ಅವಳು ಜೇಮ್ಸ್‌ನನ್ನು ನಿಲ್ಲಿಸಿಕೊಂಡು ಕಾಲುಚೀಲವನ್ನು ಅವನ ಕಾಲಿಗೆ ಹಿಡೀತಾಳೆ. ಹುಡುಗ ನೆಟ್ಟಗೆ ನಿಲ್ಲಲ್ಲ. ಯಾವುದೋ ಮಗುವಿಗೆ ತಾನು ಅಳತೆಗೋಲಾಗೋದು ಅವನಿಗೆ ಇಷ್ಟ ಇಲ್ಲ. ಅಷ್ಟು ಹೊತ್ತಿನಲ್ಲಿ ಅವಳ ತಲೆಯೊಳಗೆ ಏನೇನೋ ಓಡುತ್ತೆ. ಕುರ್ಚಿಗಳು ಹಾಳಾಗಿವೆ, ಬಾಗಿಲು ಯಾರೂ ಹಾಕಲ್ಲ, ಕೆಲಸಕ್ಕಿರುವ ಸ್ವಿಸ್ ಹುಡುಗಿಯ ಅಪ್ಪ ದೂರದ ಊರಲ್ಲಿ ಸಾಯ್ತಾ ಇದ್ದಾನೆ. ಮನೆಯಲ್ಲಿ ಪುಸ್ತಕಗಳು ತಾವಾಗೇ ಬೆಳೀತಿವೆ, ಓದೋಕೆ ಮಾತ್ರ ಪುರಸೊತ್ತಿಲ್ಲ ಅನ್ನೋದೂ ಅಲ್ಲೇ ಬಂದು ಹೋಗುತ್ತೆ. (ಆಡಿಯೋದಲ್ಲಿ ಈ ಸಾಲು ನನ್ನ ಕಿವಿ ಮೇಲೇ ಹಾದುಹೋಗಿತ್ತು, ನಾನು ಕೇಳಿಸಿಕೊಂಡೇ ಇರಲಿಲ್ಲ.) ಕೊನೆಗೆ ನೋಡಿದರೆ ಕಾಲುಚೀಲ ಗಿಡ್ಡ, ತುಂಬಾನೇ ಗಿಡ್ಡ.

ಈ ದೃಶ್ಯದ ಬಗ್ಗೆ ಒಂದು ಪ್ರಸಿದ್ಧ ವಿಮರ್ಶೆ ಇದೆ. ನಾಜಿಗಳ ಕಾಲದಲ್ಲಿ ಜರ್ಮನಿಯಲ್ಲಿ ಕೆಲಸ ಕಳೆದುಕೊಂಡು ಇಸ್ತಾಂಬುಲಿಗೆ ಬಂದ ಎರಿಖ್ ಔರ್‌ಬಾಖ್ ಯುದ್ಧದ ವರ್ಷಗಳಲ್ಲಿ ಕೂತು ‘ಮಿಮೆಸಿಸ್’ ಬರೆದ. 1946ರಲ್ಲಿ ಅಚ್ಚಾಯಿತು. ಹೋಮರ್‌ನಿಂದ ಶುರುವಾಗುವ ಆ ಪುಸ್ತಕದ ಕೊನೇ ಅಧ್ಯಾಯದ ಹೆಸರೇ ‘ಕಂದು ಕಾಲುಚೀಲ’. ಹೊರಗೆ ನಡೆಯೋದು ತೀರಾ ಚಿಲ್ಲರೆ ಸಂಗತಿ, ಅದರ ನೆಪದಲ್ಲಿ ಒಳಗೆ ಇಡೀ ಬದುಕು ಬಿಚ್ಚಿಕೊಳ್ಳುತ್ತೆ, ಹೊಸ ಕಾದಂಬರಿಯ ಹೊಸತನ ಇರೋದು ಅಲ್ಲಿ ಅನ್ನೋದು ಅವನ ವಾದ. ಆ ಕೆಲವು ಕ್ಷಣಗಳನ್ನು ಅವನು ಎಳೆ ಎಳೆಯಾಗಿ ಬಿಡಿಸಿ ತೋರಿಸೋದನ್ನ ಓದಿದರೆ ಯಾರಿಗಾದರೂ ಹೊಟ್ಟೆಕಿಚ್ಚಾಗಬೇಕು.

ಆದರೂ ಒಂದು ತಕರಾರಿದೆ. ಅಳತೆ ನೋಡೋದು ಚಿಲ್ಲರೆ ಸಂಗತಿ ಅನ್ನೋಕೆ ಕಡ್ಡಿ ಹಿಡಿಯದವರಿಂದ ಮಾತ್ರ ಸಾಧ್ಯ. ಕಾಲುಚೀಲದ ಉದ್ದನೆಯ ಭಾಗ ಹೆಣೆಯುವಾಗ ಕೈ ತಾನೇ ಓಡುತ್ತೆ, ಮನಸ್ಸು ಎಲ್ಲಿ ಬೇಕಾದರೂ ತಿರುಗಬಹುದು. ಹಿಮ್ಮಡಿ ಬಂತೋ, ಎಣಿಸಬೇಕು. ಅಳತೆ ನೋಡುವುದಂತೂ ಲೆಕ್ಕ ಒಪ್ಪಿಸುವ ಹೊತ್ತು. ಇನ್ನೆಷ್ಟು ಸಾಲು ಬೇಕು, ಇವತ್ತು ರಾತ್ರಿಗೆ ಆಗುತ್ತಾ, ಬೆಳಿಗ್ಗೆ ದೋಣಿ ಹೊರಟರೆ ಏನು ಮಾಡೋದು? ಗಿಡ್ಡ ಅಂತ ಗೊತ್ತಾದಾಗ ಅವಳಿಗಾಗೋದು ನಮಗೆ ರಿಲೀಸ್ ಹಿಂದಿನ ಸಂಜೆ ಆಗುತ್ತಲ್ಲ, ಅದೇ. ಮಿಸೆಸ್ ರಾಮ್ಸೆಯ ಮನಸ್ಸು ಕಾಲುಚೀಲದ ನೆಪದಲ್ಲಿ ಅಲೆಯುತ್ತಿಲ್ಲ. ಮುಗಿಯದೇ ಇರುವ ಕೆಲಸಗಳ ಪಟ್ಟಿ ಅವಳ ತಲೆಯಲ್ಲಿ ತೆರೆದುಕೊಂಡಿದೆ, ಕಾಲುಚೀಲ ಅದರಲ್ಲಿ ಮೊದಲನೇದು. ಕುರ್ಚಿ, ಬಾಗಿಲು, ಓದದ ಪುಸ್ತಕ ಎಲ್ಲ ಅದೇ ಪಟ್ಟಿಯಲ್ಲಿವೆ. ವುಲ್ಫ್‌ಗೆ ಇದು ಗೊತ್ತಿತ್ತು ಅಂತಲೇ ನನಗನಿಸೋದು. 1912ರಲ್ಲಿ ಅಕ್ಕ ವೆನೆಸ್ಸಾ ಬೆಲ್ ಬಿಡಿಸಿದ ಅವಳ ಚಿತ್ರವೊಂದಿದೆ. ಕುರ್ಚಿಯಲ್ಲಿ ಒರಗಿ ಕೂತಿದ್ದಾಳೆ, ಮಡಿಲಲ್ಲಿ ಹೆಣಿಗೆ.

ಡಿಕನ್ಸ್‌ನ ‘ಎ ಟೇಲ್ ಆಫ್ ಟೂ ಸಿಟೀಸ್’ನಲ್ಲಿ ಮದಾಂ ಡಫಾರ್ಜ್ ಕೂಡ ಹೆಣೀತಾಳೆ. ಯಾರ್ಯಾರು ಸಾಯಬೇಕೋ ಅವರ ಹೆಸರುಗಳನ್ನ ಹೊಲಿಗೆಯಲ್ಲೇ ಬರೆದಿಡ್ತಾಳೆ. ಭಯ ಹುಟ್ಟಿಸೋಕೆ ಒಳ್ಳೇ ಉಪಾಯ, ಆದರೆ ಅವಳು ತಪ್ಪಿಯೂ ಒಂದು ಸಾಲು ಬಿಚ್ಚೋದನ್ನ ನಾವು ನೋಡಲ್ಲ. ಅಲ್ಲಿ ಹೆಣಿಗೆ ಬರೀ ಸಂಕೇತ. ಸಂಕೇತಕ್ಕೆ ಅಳತೆ ತಪ್ಪೋದಿಲ್ಲ.

ಇನ್ನು ಆಡಿಯೋಬುಕ್ ಸಲಹೆಗೆ ಬರ್ತೀನಿ. ಕಾದಂಬರಿಯ ಮೊದಲ ಭಾಗದ ಕೊನೆಯಲ್ಲಿ, ಊಟ ಎಲ್ಲ ಮುಗಿದ ಮೇಲೆ, ಗಂಡ ಹೆಂಡತಿ ಇಬ್ಬರೇ ಒಂದು ಕೋಣೆಯಲ್ಲಿ ಕೂತಿರ್ತಾರೆ. ಅವನು ವಾಲ್ಟರ್ ಸ್ಕಾಟ್ ಓದ್ತಾ ಕಣ್ಣು ಒದ್ದೆ ಮಾಡಿಕೊಳ್ತಾನೆ. ಅವಳು ಹೆಣೀತಿದ್ದವಳು ಕೈಗೆ ಸಿಕ್ಕ ಪದ್ಯದ ಪುಸ್ತಕ ತಗೊಂಡು ಓದೋಕೆ ಶುರು ಮಾಡ್ತಾಳೆ. ಓದೋವಾಗ ಹೆಣೆಯಲ್ಲ. ಮುಗಿದ ಮೇಲೆ ಪುಸ್ತಕ ಇಟ್ಟು ಮತ್ತೆ ಕಡ್ಡಿ ತಗೊಳ್ತಾಳೆ. ಮಗನಿಗೆ ಕಥೆ ಓದಿ ಹೇಳ್ತಾ ಅತಿಥಿಗಳ ಬಗ್ಗೆ ಯೋಚಿಸಬಲ್ಲವಳು, ಏಕಕಾಲಕ್ಕೆ ನಾಲ್ಕು ಕೆಲಸ ಮಾಡುವವಳು, ತನಗೋಸ್ಕರ ಓದುವಾಗ ಮಾತ್ರ ಒಂದೇ ಕೆಲಸ ಮಾಡ್ತಾಳೆ. ಆ ದಿನದಲ್ಲಿ ಅವಳಿಗೆ ಸಿಕ್ಕ ನಾಲ್ಕು ನಿಮಿಷ ಅದು. ಒಂದೂವರೆ ಪಟ್ಟು ಸ್ಪೀಡಿನಲ್ಲಿ ನಾನು ಉಳಿಸೋಕೆ ಹೋಗಿದ್ದು ಇದನ್ನೇ.

ನಮ್ಮಂಥೋರು ಈಗ ಸಣ್ಣ ಪುಸ್ತಕ ಹುಡುಕ್ತೀವಿ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ನಾನು ಒಂದೇ ಭಾನುವಾರ ಓದಿದೆ, ಉಲ್ಲನ್ ಸಿಕ್ಕುಸಿಕ್ಕಾದಾಗಲೆಲ್ಲ ಆ ಪದವೇ ಬಾಯಿಗೆ ಬರುತ್ತೆ. ತೂಕದ ಪುಸ್ತಕ, ಸಣ್ಣದಾಗಿದ್ದಕ್ಕೆ ಏನೂ ಕಮ್ಮಿಯಾಗಿಲ್ಲ. ಆದರೆ ವುಲ್ಫ್ ಪುಸ್ತಕವನ್ನು ಒಂದೂವರೆ ತಿಂಗಳು ಬ್ಯಾಗಿನಲ್ಲಿ ಹೊತ್ತು ತಿರುಗಿದ್ದರಿಂದಲೇ ಅದು ಹಿಡಿಸಿತು. ನಮ್ಮಜ್ಜಿ ಸುಧಾದ ಧಾರಾವಾಹಿ ವಾರಕ್ಕೊಂದು ಕಂತು ಓದ್ತಿದ್ರು, ನಡುವಿನ ಆರು ದಿನ ಆ ಪಾತ್ರಗಳು ಅಡುಗೆಮನೆಯಲ್ಲೇ ಓಡಾಡಿಕೊಂಡಿರ್ತಿದ್ದವು. ಅದೂ ಓದೇ ಅಲ್ವಾ.

ಪುಸ್ತಕದ ಬಗ್ಗೆ ನನಗೆ ಪೂರ್ತಿ ಸಮಾಧಾನ ಇಲ್ಲ. ಮಿಸೆಸ್ ರಾಮ್ಸೆಗೆ ಪುರಸೊತ್ತಿಲ್ಲ ನಿಜ, ಆದರೆ ಅಡುಗೆಗೆ ಮಿಲ್ಡ್ರೆಡ್ ಇದ್ದಾಳೆ. ಎರಡನೇ ಭಾಗದಲ್ಲಿ ಮನೆ ಪಾಳು ಬಿದ್ದಾಗ ಗುಡಿಸಿ ಒರೆಸೋಕೆ ಬರೋಳು ಮುದುಕಿ ಮಿಸೆಸ್ ಮ್ಯಾಕ್‌ನ್ಯಾಬ್. ಅವಳಿಗೂ ಆ ಪುಸ್ತಕಗಳಿಗೂ ಇರುವ ಸಂಬಂಧ ಏನಪ್ಪಾ ಅಂದ್ರೆ, ಬೂಸ್ಟು ಹಿಡಿದಿವೆ, ಹುಲ್ಲಿನ ಮೇಲೆ ಬಿಸಿಲಿಗೆ ಹಾಕಬೇಕು. ಅವಳು ಓದ್ತಾಳಾ ಅಂತ ಕಾದಂಬರಿ ಕೇಳಲ್ಲ. ಅವಳ ಮನಸ್ಸಿನೊಳಗೆ ಹೋದಾಗಲೂ ವುಲ್ಫ್‌ಳ ವಾಕ್ಯ ಸ್ವಲ್ಪ ಮೇಲಿನಿಂದಲೇ ನೋಡುತ್ತೆ, ಓರೆಗಣ್ಣು, ತೂರಾಟ ಅಂತೆಲ್ಲ. ಇದನ್ನ ಟೈಪ್ ಮಾಡ್ತಿರೋವಾಗ ನಮ್ಮ ಮನೆಯಲ್ಲಿ ಪಾತ್ರೆ ತೊಳೀತಿರೋ ಅಕ್ಕನಿಗೆ ಇನ್ನೂ ಮೂರು ಮನೆ ಇದೆ. ನನ್ನ ಪುಸ್ತಕದ ಕಪಾಟಿನ ಧೂಳು ಹೊಡೆಯೋದು ಅವರೇ. ಹೀಗಾಗಿ ವುಲ್ಫ್ ಮೇಲೆ ಜಾಸ್ತಿ ಕೂಗಾಡೋಕೂ ಬಾಯಿ ಬರಲ್ಲ.

ಕಾಲುಚೀಲದ ಗತಿ ಏನಾಯ್ತು? ಇವತ್ತು ಮುಗಿಸಲ್ಲ ನೀನು ಅಂತ ಗಂಡ ಅಂತಾನೆ, ಇಲ್ಲ, ಮುಗಿಸಲ್ಲ ಅಂತ ಅವಳೂ ಒಪ್ಕೊಳ್ತಾಳೆ. ನಾಳೆ ಮಳೆ, ದೋಣಿ ಇಲ್ಲ, ಡೆಡ್‌ಲೈನೇ ಬಿದ್ದುಹೋಯ್ತು. ಮುಂದಿನ ಭಾಗದಲ್ಲಿ ಹತ್ತು ವರ್ಷ ಕೆಲವೇ ಪುಟಗಳಲ್ಲಿ ಉರುಳುತ್ತೆ, ಅವಳ ಸಾವು ಚೌಕ ಕಂಸದೊಳಗಿನ ಒಂದೇ ವಾಕ್ಯ. ಕಡೆಗೆ ಜೇಮ್ಸ್‌ಗೆ ಹದಿನಾರಾದಾಗ ಅಪ್ಪ ದೀಪಸ್ತಂಭಕ್ಕೆ ಕರ್ಕೊಂಡು ಹೊರಡ್ತಾನೆ. ಅಲ್ಲಿಗೆ ಏನು ಕಳಿಸೋದು ಅಂತ ಮಗಳು ನ್ಯಾನ್ಸಿ ಕೇಳ್ತಾಳೆ, ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಏನು ಕಳಿಸಬೇಕು ಅನ್ನೋದು ಅಮ್ಮನ ತಲೆಯಲ್ಲಿ ಮಾತ್ರ ಇತ್ತು. ಇಡೀ ಪುಸ್ತಕದಲ್ಲಿ ನನಗೆ ಗಂಟಲು ಕಟ್ಟಿದ್ದು ಆ ಪ್ರಶ್ನೆಗೆ, ಕಂಸದೊಳಗಿನ ಸಾವಿಗಲ್ಲ.

ನಾನು ಹೆಣೀತಿರೋ ಸ್ವೆಟರು ಅಕ್ಕನ ಮಗುವಿಗೆ. ಅಕ್ಕನಿಗೆ ಏಳು ತಿಂಗಳಿದ್ದಾಗ ಶುರು ಮಾಡಿದ್ದು. ಹೋದ ವಾರ ಅಳತೆ ನೋಡೋಣ ಅಂತ ತಗೊಂಡು ಹೋದೆ. ಹುಡುಗ ಒಂದು ಕ್ಷಣ ನಿಲ್ಲಲಿಲ್ಲ, ಸೋಫಾ ಹಿಡಿದು ಓಡಾಡ್ತಿದ್ದ. ತೋಳು ಮೊಣಕೈ ದಾಟಲಿಲ್ಲ. ಬಿಚ್ಚಬೇಡ್ವೇ, ಇರಲಿ ಬಿಡು ಅಂದಳು ಅಕ್ಕ. ವಾಪಸ್ ಬರುವಾಗ ಮೆಟ್ರೋದಲ್ಲಿ ಸೀಟು ಸಿಕ್ಕಿತು. ಬ್ಯಾಗಿನಲ್ಲಿ ಎರಡೂ ಇದ್ದವು. ಪುಸ್ತಕ ತೆಗೆದೆ.