ಹೂ ಬಿಡದ ಹಾಪೂಸ್

ಲೋಕದ ರೂಢಿಗೆ ಒಗ್ಗದೆ ತನ್ನದೇ ದಾರಿ ಹಿಡಿದವನನ್ನು ಕೊಲ್ಹಾಪುರ ಜಿಲ್ಲೆಯ ನಮ್ಮ ಗಡಹಿಂಗ್ಲಜದ ಕಡೆ ‘ಅವಾ ಒಂದು ನಮೂನಿ ಆಸಾಮಿ’ ಅನ್ನುತ್ತಾರೆ. ಆ ಮಾತಿನಲ್ಲಿ ಸಲಿಗೆ ಇದೆ, ಊರು ಅವನನ್ನು ಬಿಟ್ಟುಕೊಡುವುದಿಲ್ಲ ಎಂಬ ಹಟವೂ ಇದೆ. ಮರಾಠಿಯವರು ಇಂಥವನಿಗೆ ‘ವಲ್ಲಿ’ ಅನ್ನುತ್ತಾರೆ. ಪು.ಲ. ದೇಶಪಾಂಡೆಯವರ ‘ವ್ಯಕ್ತಿ ಆಣಿ ವಲ್ಲಿ’ ಅಂಥವರ ಪುಸ್ತಕ. 1965ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರೊಳಗಿನ ಆಸಾಮಿಗಳಲ್ಲಿ ಜನ ಹೆಚ್ಚು ಹಚ್ಚಿಕೊಂಡದ್ದು ಕಡಲ ದಂಡೆಯ ರತ್ನಾಗಿರಿಯ ಮುದುಕ ಅಂತೂ ಬರ್ವಾನನ್ನು.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಕಲಿತ ನಮ್ಮಂಥವರಿಗೆ ಪು.ಲ. ಪರಕೀಯರಲ್ಲ. ಅವರ ತಾಯಿಯ ಮನೆತನ ಕಾರವಾರದ ಕಡೆಯ ದುಭಾಷಿಯವರದು. ಅವರು ಸ್ವತಃ ಕೆಲಕಾಲ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಹೇಳಿದವರು. ‘ಗಣಗೋತ’ ಪುಸ್ತಕದಲ್ಲಿ ಅವರು ಬರೆದ ಬೆಳಗಾವಿಯ ರಾವಸಾಹೇಬರ ಮರಾಠಿಯಲ್ಲಿ ಕನ್ನಡದ ಏರಿಳಿತ ಹೇಗೆ ಉಕ್ಕುತ್ತದೆಂದರೆ, ಓದುವಾಗ ನಮ್ಮ ಸೋದರಮಾವನೇ ಜಗಲಿಯ ಮೇಲೆ ಕೂತು ಮಾತಾಡಿದಂತಾಗುತ್ತದೆ. ಇಷ್ಟಾದರೂ ನನ್ನನ್ನು ಮತ್ತೆ ಮತ್ತೆ ಕರೆಯುವುದು ಅಂತೂ ಬರ್ವಾನೇ. ಆಂಬಾ ಘಾಟ್ ಇಳಿದರೆ ಅವನ ಊರು. ಕೊಲ್ಹಾಪುರದಿಂದ ಅರ್ಧ ದಿನದ ಹಾದಿಯೂ ಅಲ್ಲ.

ಕಥೆ ಅನ್ನುವಂಥದ್ದು ‘ಅಂತೂ ಬರ್ವಾ’ ಬರಹದಲ್ಲಿ ಹೆಚ್ಚಿಲ್ಲ. ರತ್ನಾಗಿರಿಯ ಒಂದು ಓಣಿ, ಅಲ್ಲಿ ಕೂತು ಹರಟುವ ಮುದುಕರು, ಅವರ ನಡುವೆ ಅಂತೂ. ತಿಲಕರು ಹುಟ್ಟಿದ, ಬರ್ಮಾದ ಥಿಬಾ ಅರಸ ಸೆರೆಯಲ್ಲಿ ಸತ್ತ, ಸಾವರಕರರು 13 ವರ್ಷ ನಿರ್ಬಂಧದಲ್ಲಿ ಕಳೆದ ಊರು ಅದು. ದೊಡ್ಡವರನ್ನು ಕಂಡು ಕಂಡು ದೊಡ್ಡತನದ ಬೆರಗೇ ಆರಿಹೋದ ಊರಿನ ನಾಲಿಗೆ ಅಂತೂನದು. ಯಾರನ್ನೂ ಒಪ್ಪುವುದಿಲ್ಲ, ಯಾವುದನ್ನೂ ಹೊಗಳುವುದಿಲ್ಲ. ಓದುಗ ಮೊದಲ ಪುಟಗಳಲ್ಲಿ ನಕ್ಕೂ ನಕ್ಕೂ ಸುಸ್ತಾಗುತ್ತಾನೆ.

ಆಮೇಲೆ ಮಾವಿನ ಮರ ಬರುತ್ತದೆ. ಹೆಂಡತಿ ಹೋದ ಮೇಲೆ ಮನೆಯ ಮುಂದಿನ ಹಾಪೂಸ್ ಹೂ ಬಿಟ್ಟಿಲ್ಲ ಎಂದು ಅಂತೂ ಹೇಳುತ್ತಾನೆ. ಒಂದೇ ಮಾತು, ಅಷ್ಟೇ. ಹಾಪೂಸ್ ಬೆಳೆದವರನ್ನು ಕೇಳಿ ನೋಡಿ: ಅದು ಒಂದು ವರ್ಷ ಮೈತುಂಬ ಹೂ ಬಿಟ್ಟರೆ ಮರುವರ್ಷ ಬರೀ ಚಿಗುರು ಹೊತ್ತು ನಿಲ್ಲುವ ಮರ. ಕೊಂಕಣದಲ್ಲೇ ಬೆಳೆದು ಮುದುಕನಾದ ಅಂತೂಗೆ ಇದು ತಿಳಿಯದ್ದಲ್ಲ. ತಿಳಿದೂ ಅವನು ಮರದ ಸ್ವಭಾವವನ್ನು ಬದಿಗಿಟ್ಟು ಅದನ್ನು ತನ್ನ ಜೊತೆ ಸೂತಕಕ್ಕೆ ಕೂರಿಸಿಕೊಳ್ಳುತ್ತಾನೆ. ಹೆಂಡತಿಯ ಮೇಲೆ ಎಷ್ಟು ಪ್ರೀತಿ ಇತ್ತೆಂದು ಬಾಯಿಬಿಟ್ಟು ಹೇಳಲಾರದ ತಲೆಮಾರಿನ ಗಂಡಸು, ಹೇಳಬೇಕಾದ್ದನ್ನೆಲ್ಲ ಮರದ ಬಾಯಲ್ಲಿ ಹೇಳಿಸಿದ್ದಾನೆ. ಪು.ಲ. ಅದಕ್ಕೆ ಒಂದಕ್ಷರದ ವಿವರಣೆಯನ್ನೂ ಸೇರಿಸದೆ ಮುಂದೆ ಹೋಗುತ್ತಾರೆ. ಈ ಸಂಯಮವೇ ಈ ಬರಹದ ದೊಡ್ಡ ಗುಣ.

ಇನ್ನೊಂದು ಕಡೆ, ವಿಲಾಯತಿಗೆ ಹೊರಟ ಲೇಖಕರಿಗೆ ಅವನು ಕೊಹಿನೂರ್ ನೋಡಿ ಬನ್ನಿ ಅನ್ನುತ್ತಾನೆ. ಊರಿಗೆ ವಿದ್ಯುತ್ ಬಂದಾಗ ತನ್ನ ಮನೆಗೆ ಮಾತ್ರ ಅದು ಬೇಡವೆಂದವನೂ ಇವನೇ. ಸೋರುವ ಹೆಂಚು, ಪದರು ಕಿತ್ತ ಗೋಡೆ, ಅವನ್ನು ದೀಪ ಹಚ್ಚಿ ನೋಡಬೇಕೆ, ಬಡತನ ಕತ್ತಲಲ್ಲಿದ್ದರೇ ಚಂದ ಎಂಬುದು ಅವನ ವಾದ. ಸ್ವಂತ ಮನೆಯಲ್ಲಿ ಒಂದು ಬಲ್ಬಿನ ಬೆಳಕನ್ನು ತಾಳಲಾರದವನಿಗೆ ಏಳು ಕಡಲಾಚೆಯ ವಜ್ರದ ಹೊಳಪಿನ ಮೇಲೆ ಆಸೆ. ಈ ಎರಡು ಮಾತುಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಅಂತೂ ಬರ್ವಾನ ಒರಟುತನದ ತಳ ಸಿಗುತ್ತದೆ.

ಕೊಲ್ಹಾಪುರದ ಒಂದು ಸಭಾಗೃಹದಲ್ಲಿ ಈ ಬರಹದ ವಾಚನ ಕೇಳಿದೆ. ವಾಚಿಸಿದವರು ಒಳ್ಳೆಯ ಕಲಾವಿದರು. ಆದರೆ ವಿದ್ಯುತ್ತಿನ ಮಾತಿಗೂ ಸಭೆ ಗೊಳ್ಳೆಂದು ನಕ್ಕಿತು. ನನ್ನ ಪಕ್ಕದಲ್ಲಿ ಇಚಲಕರಂಜಿಯಿಂದ ಬಂದಿದ್ದ ಒಬ್ಬ ಹಿರಿಯ ನೇಕಾರರು ಮಾತ್ರ ನಗದೆ ಕೈಕಟ್ಟಿ ಕೂತಿದ್ದರು. ಪು.ಲ. ತಾವೇ ಓದಿದ ಧ್ವನಿಮುದ್ರಿಕೆ ಮನೆಮನೆ ತಲುಪಿ ಅಂತೂನನ್ನು ಅಮರ ಮಾಡಿತು, ನಿಜ. ಅದೇ ಪ್ರಸಿದ್ಧಿ ಅವನನ್ನು ಚಟಾಕಿಗಳ ಗಂಟಾಗಿಯೂ ಮಾಡಿಬಿಟ್ಟಿದೆ. ಮುಂದಿನ ಸಾಲು ಗೊತ್ತಿರುವ ಕೇಳುಗ ಅದು ಬರುವ ಮುಂಚೆಯೇ ನಗಲು ಸಿದ್ಧನಾಗಿರುತ್ತಾನೆ. ಮಾವಿನ ಮರದ ಹತ್ತಿರ ನಿಲ್ಲುವಷ್ಟು ಪುರುಸೊತ್ತು ಅವನಿಗಿಲ್ಲ.

ಬರಹದಲ್ಲೂ ಕೊರತೆ ಇದೆ. ರತ್ನಾಗಿರಿ ಮೀನುಗಾರರ ಊರು, ಮಿರ್ಕರವಾಡಾದಲ್ಲಿ ದೊಡ್ಡ ಬಂದರು. ಅಲ್ಲಿ ಬಲೆ ಎಳೆಯುವ ಮುಸ್ಲಿಮರು, ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರು ಈ ಓಣಿಯ ಲೋಕದೊಳಗೆ ಕಾಲಿಡುವುದಿಲ್ಲ. ಅಂತೂನ ಹೆಂಡತಿಯೂ ಸತ್ತ ಮೇಲೆ ಮರದ ಮೂಲಕ ಬರುತ್ತಾಳೆಯೇ ಹೊರತು ಬದುಕಿದ್ದಾಗ ಏನೆಂದಳು ಎಂಬುದು ನಮಗೆ ಕೇಳಿಸುವುದಿಲ್ಲ. ಇಲ್ಲಿ ನನಗೆ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ನೆನಪಾಗುತ್ತದೆ. 1941ರ ಆ ಕಾದಂಬರಿಯಲ್ಲೂ ಅದೇ ಕಡಲು, ಅದೇ ಬ್ರಾಹ್ಮಣ ಬಡತನ, ಕಾಸಿಗೆ ಕಾಸು ಗಂಟು ಹಾಕುವ ರಾಮ ಐತಾಳನೆಂಬ ವಿಚಿತ್ರ ಮನುಷ್ಯ. ಆದರೆ ಅಲ್ಲಿ ಮನೆಯನ್ನು ಹೊತ್ತು ನಿಂತವರು ಅವನ ಹೆಂಡತಿ ಪಾರೋತಿ ಮತ್ತು ಸೋದರಿ ಸರಸೋತಿ. ಅವರ ದುಡಿಮೆ, ಅವರ ಮಾತು, ಅವರ ಮೌನ ಎಲ್ಲವೂ ಪುಟದ ಮೇಲಿದೆ. ವ್ಯಕ್ತಿಚಿತ್ರಕ್ಕೂ ಕಾದಂಬರಿಗೂ ಹರವು ಬೇರೆ ಎಂದು ಬಲ್ಲೆ. ಆದರೂ ಗಂಡಸರ ಹರಟೆಕಟ್ಟೆಯನ್ನೇ ಊರೆಂದು ನಂಬುವ ದೌರ್ಬಲ್ಯ ಪು.ಲ. ಅವರೊಬ್ಬರದೇ ಅಲ್ಲ, ಈ ಪ್ರಕಾರದ್ದೇ ಎನಿಸುತ್ತದೆ.

ಕೊಂಕಣ ಮನಿಯಾರ್ಡರ್ ಮೇಲೆ ಬದುಕಿದ ನಾಡು. ಮಕ್ಕಳು ಮುಂಬೈಯ ಗಿರಣಿಗೆ, ಕಚೇರಿಗೆ ಹೋದರು. ಮನೆ ಕಾಯಲು ಮುದುಕರು ಉಳಿದರು. ಅಂತೂನ ನಾಲಿಗೆ ಹರಿತವಾದದ್ದು ಆ ಖಾಲಿ ಓಣಿಯಲ್ಲಿ. ಈಗ ನಮ್ಮ ಗಡಹಿಂಗ್ಲಜ ಸೀಮೆಯ ಹಳ್ಳಿಗಳಲ್ಲೂ ಮಕ್ಕಳು ಪುಣೆ ಸೇರಿ, ಜಗಲಿಯ ಮೇಲೆ ಅಪ್ಪಂದಿರು ಒಬ್ಬರೇ ಕೂತಿದ್ದಾರೆ. ಅವರೂ ಎಲ್ಲವನ್ನೂ ತೆಗಳುತ್ತಾರೆ, ನಾವೂ ನಕ್ಕು ಮುಂದೆ ಹೋಗುತ್ತೇವೆ.

ಮರಾಠಿ ಬಲ್ಲ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ. ‘ಅಂತೂ ಬರ್ವಾ’ ಕೇಳಿ ಬಲ್ಲವರು ಒಮ್ಮೆ ಪುಸ್ತಕ ಹಿಡಿದು, ಒಬ್ಬರೇ ಕೂತು, ಮಾವಿನ ಮರದ ಮಾತಿನ ತನಕ ನಿಧಾನವಾಗಿ ಓದಿ.