ಅಜ್ಜಿಯ ಕೈಗುಣ, ಬೀಗ ಹಾಕಿದ ಪೆಟ್ಟಿಗೆ

ಗೌರಿ ಹಬ್ಬಕ್ಕೆ ಬಾಗಿನ ಕೊಡಲು ತಿಪಟೂರಿನ ತಂಗಿ ಮನೆಗೆ ಹೋಗಿದ್ದೆ. ಒಬ್ಬಟ್ಟಿನ ಊಟ ಮುಗಿಸಿ ಎಲ್ಲರೂ ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದೆವು. ಹದಿಮೂರು ವರ್ಷದ ಸೋದರಳಿಯ ಅವರಮ್ಮನ ಫೋನು ಹಿಡಿದು ಬಂದು ಅಜ್ಜಿಯ ಪಕ್ಕ ಕೂತ.

“ಅಜ್ಜಿ, ನಿನ್ನ ಕೈಗುಣ ಚೆನ್ನಾಗಿದೆ. ಇಲ್ಲಿ ಒಂದ್ಸಲ ಒತ್ತು.”

ಅಜ್ಜಿ ಎಲೆಅಡಿಕೆ ತಟ್ಟೆ ಸರಿಸಿ, ಸುಣ್ಣದ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಅವನು ತೋರಿಸಿದ ಹಳದಿ ಗುಂಡಿಯನ್ನು ಮೆಲ್ಲಗೆ ಒತ್ತಿದರು. ಪರದೆಯ ಮೇಲೆ ಪೆಟ್ಟಿಗೆಯೊಂದು ಗಡಗಡ ನಡುಗಿತು. ಮುಚ್ಚಳದ ಸಂದಿಯಿಂದ ಬೆಳಕು ಚೆಲ್ಲಿತು. ಹುಡುಗ ಉಸಿರು ಬಿಗಿಹಿಡಿದ. ಮುಚ್ಚಳ ಹಾರಿದಾಗ ಕಂಡದ್ದು ಒಂದು ನೀಲಿ ಪ್ಯಾಂಟು.

“ಥೂ, ಇದು ಆಗ್ಲೇ ಇದೆ. ಇನ್ನೊಂದೇ ಒಂದು, ಅಜ್ಜಿ.”

ಅವನಿಗೆ ಬೇಕಿದ್ದದ್ದು ಬಂಗಾರದ ಅಂಚಿನ ಉದ್ದನೆಯ ಕೋಟು. ಟೆಸ್ಟಿನಲ್ಲಿ ಒಳ್ಳೆ ಅಂಕ ತೆಗೆದದ್ದಕ್ಕೆ ಅವರಮ್ಮ ಯುಪಿಐನಲ್ಲಿ ಹಾಕಿಕೊಟ್ಟಿದ್ದ ದುಡ್ಡು ಆಟದೊಳಗಿನ ನಾಣ್ಯವಾಗಿ, ನಾಣ್ಯ ಪೆಟ್ಟಿಗೆಗಳಾಗಿ, ಪೆಟ್ಟಿಗೆಗಳು ಪ್ಯಾಂಟು ಟೋಪಿಗಳಾಗಿ ಐದು ನಿಮಿಷದಲ್ಲಿ ಮುಗಿದವು. ಆಮೇಲೆ ಅವನು ಮೂಲೆಗೆ ಹೋಗಿ ಅರ್ಧ ಗಂಟೆ ಆಟ ಆಡಿದ. ಕೈ ಪಳಗಿದ ಹುಡುಗ ಅವನು. ಬಂದೂಕು ಮೇಲಕ್ಕೆ ಜಿಗಿಯುವಷ್ಟನ್ನೇ ಲೆಕ್ಕಹಾಕಿ ಹೆಬ್ಬೆರಳನ್ನು ಕೆಳಕ್ಕೆ ಎಳೆಯುತ್ತಾನೆ, ಗೋಡೆಯ ಮರೆಯಿಂದ ಹೆಜ್ಜೆ ಸಪ್ಪಳ ಕೇಳಿಯೇ ಎದುರಾಳಿ ಎಲ್ಲಿದ್ದಾನೆಂದು ಹೇಳುತ್ತಾನೆ. ಆ ಅರ್ಧ ಗಂಟೆಯಲ್ಲಿ ಒಮ್ಮೆಯೂ ಅಜ್ಜಿಯನ್ನು ಕರೆದು “ನಿನ್ನ ಕೈಯಿಂದ ಗುಂಡು ಹೊಡಿ” ಅನ್ನಲಿಲ್ಲ. ಯಾವುದಕ್ಕೆ ತನ್ನ ಕೈ ಸಾಕು, ಯಾವುದಕ್ಕೆ ಅಜ್ಜಿಯ ಕೈಗುಣ ಬೇಕು ಎಂಬುದು ಆ ಹುಡುಗನಿಗೆ ಚೆನ್ನಾಗಿ ಗೊತ್ತಿತ್ತು.

ದುಡ್ಡು ಕೊಟ್ಟು ತೆರೆಯುವ ಈ ಪೆಟ್ಟಿಗೆಗೆ ಲೂಟ್ ಬಾಕ್ಸ್ ಎಂದು ಹೆಸರು. ಆಟಕ್ಕೆ ತಕ್ಕಂತೆ ಕ್ರೇಟ್, ಕೇಸ್, ಪ್ಯಾಕ್, ಗಾಚಾ ಎಂದೂ ಕರೆಯುತ್ತಾರೆ. ಇದು ಜೂಜೋ ಅಲ್ಲವೋ ಎಂದು ಯುರೋಪಿನ ಕೋರ್ಟುಗಳು, ನಿಯಂತ್ರಕರು ವರ್ಷಗಟ್ಟಲೆ ಜಗಳವಾಡಿದ್ದಾರೆ. ವಿಡಿಯೊ ಗೇಮುಗಳನ್ನು ಪ್ರೀತಿಸಿ ಬೆಳೆದವನಾಗಿ, ಅವು ಕಲೆಯೇ ಎಂದು ಈ ಅಂಕಣದಲ್ಲಿ ವಾದಿಸುತ್ತ ಬಂದವನಾಗಿ ಹೇಳುತ್ತೇನೆ: ಇದು ಜೂಜೇ.

ಆಟದಲ್ಲಿ ಅದೃಷ್ಟವೇ ಇರಬಾರದು ಎನ್ನುವವನಲ್ಲ ನಾನು. ಚೌಕಾಬಾರದಲ್ಲಿ ಕವಡೆ ಚೆಲ್ಲುವ ಮುಂಚೆ ಅಂಗೈಯಲ್ಲಿ ಕುಲುಕುವ ಕ್ಷಣವೇ ಆ ಆಟದ ಜೀವ. 1990ರ ದಶಕದಲ್ಲಿ ಬಂದ ‘ಡಯಾಬ್ಲೊ’ ಎಂಬ ಆಟವನ್ನು ನಾವು ರಾತ್ರಿಯೆಲ್ಲ ಆಡುತ್ತಿದ್ದದ್ದೂ ಅದೇ ರುಚಿಗೆ. ರಾಕ್ಷಸ ಸತ್ತು ಬಿದ್ದಾಗ ಅವನಿಂದ ಏನು ಉದುರುತ್ತದೋ ಯಾರಿಗೂ ಗೊತ್ತಿಲ್ಲ. ಹತ್ತು ಸಲ ತುಕ್ಕು ಹಿಡಿದ ಕತ್ತಿ, ಹನ್ನೊಂದನೆಯ ಸಲ ಹೊಳೆಯುವ ಉಂಗುರ. ಆದರೆ ಅಲ್ಲಿ ಪಣಕ್ಕಿಟ್ಟದ್ದು ನಮ್ಮ ಹೊತ್ತು, ನಮ್ಮ ಕೈಚಳಕ. ರಾಕ್ಷಸನನ್ನು ಕೊಂದವರು ನಾವೇ.

ಅದೇ ಆಟದ ಮೂರನೆಯ ಕಂತು 2012ರಲ್ಲಿ ಬಂದಾಗ ಬ್ಲಿಝರ್ಡ್ ಕಂಪನಿ ಒಂದು ಹರಾಜುಕಟ್ಟೆಯನ್ನೂ ಇಟ್ಟಿತು. ನಿಜವಾದ ದುಡ್ಡು ಕೊಟ್ಟು ಕತ್ತಿ, ಕವಚ ಕೊಳ್ಳಬಹುದು. ಎರಡೇ ವರ್ಷದೊಳಗೆ, 2014ರ ಮಾರ್ಚ್‌ನಲ್ಲಿ, ಕಂಪನಿಯೇ ಅದನ್ನು ಮುಚ್ಚಿತು. ರಾಕ್ಷಸರನ್ನು ಕೊಂದು ಒಳ್ಳೆಯ ವಸ್ತು ಗಳಿಸುವ ಆಟದ ತಿರುಳನ್ನೇ ಅದು ಹಾಳುಮಾಡುತ್ತಿದೆ ಎಂಬುದೇ ಕಂಪನಿ ಕೊಟ್ಟ ಕಾರಣ. ಆಟ ಕಟ್ಟಿದವರೇ ತಮ್ಮ ತಪ್ಪು ಒಪ್ಪಿ ಅಂಗಡಿ ಮುಚ್ಚಿದ ಆ ದಿನವನ್ನು ನಾನು ಇವತ್ತಿಗೂ ಗೌರವದಿಂದ ನೆನೆಯುತ್ತೇನೆ.

ಅಷ್ಟರಲ್ಲಾಗಲೇ ವಾಲ್ವ್ ಕಂಪನಿಯ ‘ಕೌಂಟರ್ ಸ್ಟ್ರೈಕ್’ ಆಟದೊಳಗೆ ಪೆಟ್ಟಿಗೆಗಳು ಕಾಲಿಟ್ಟಿದ್ದವು. ಅದು 2013ರ ಆಗಸ್ಟ್. ಪೆಟ್ಟಿಗೆ ಆಡುತ್ತ ಆಡುತ್ತ ಪುಕ್ಕಟೆಯಾಗಿ ಸಿಗುತ್ತದೆ, ಬೀಗದ ಕೈಗೆ ಮಾತ್ರ 2.49 ಡಾಲರ್ ಕೊಡಬೇಕು. ಕೈ ತಿರುಗಿಸಿದರೆ ಬಂದೂಕಿನ ಬಣ್ಣಬಣ್ಣದ ಹೊದಿಕೆಗಳ ಸಾಲೊಂದು ಪರದೆಯ ಮೇಲೆ ಅಡ್ಡಡ್ಡ ಓಡತೊಡಗುತ್ತದೆ. ಟಿಕ್ ಟಿಕ್ ಟಿಕ್ ಎಂಬ ಸದ್ದು. ನಡುವೆ ಒಂದು ಗೆರೆ. ಓಟ ನಿಧಾನವಾಗುತ್ತದೆ, ಸದ್ದು ಬಿಡಿಬಿಡಿಯಾಗುತ್ತದೆ. ಬಂಗಾರದ ಬಣ್ಣದ ಚೌಕವೊಂದು, ಅಂದರೆ ಎಲ್ಲರಿಗೂ ಬೇಕಾದ ಚಾಕು, ಗೆರೆಯ ಹತ್ತಿರ ಬರುತ್ತದೆ, ಬಂದೇಬಿಟ್ಟಿತು ಅನ್ನುವಷ್ಟರಲ್ಲಿ ಕೂದಲೆಳೆಯಷ್ಟು ಮುಂದೆ ಜಾರುತ್ತದೆ. ನಿಂತದ್ದು ಅದರ ಪಕ್ಕದ ನೀಲಿ ಚೌಕದ ಮೇಲೆ. “ಛೆ, ಸ್ವಲ್ಪದರಲ್ಲಿ ತಪ್ಪಿತು” ಎಂದು ನೋಡಿದವರ ಬಾಯಲ್ಲಿ ತಾನಾಗಿ ಬರುತ್ತದೆ. ಸ್ವಲ್ಪದರಲ್ಲಿ ತಪ್ಪಿದ್ದು ಏನೂ ಇಲ್ಲ. ಸಾಲು ಓಡಲು ಶುರುವಾಗುವ ಮೊದಲೇ ಏನು ಬರಬೇಕೆಂದು ಸರ್ವರ್ ತೀರ್ಮಾನಿಸಿರುತ್ತದೆ. ಓಟ, ಟಿಕ್ ಟಿಕ್, ಗೆರೆ ಎಲ್ಲವೂ ತೋರಿಕೆ. ಕ್ಯಾಸಿನೊದ ಸ್ಲಾಟ್ ಯಂತ್ರದಲ್ಲಿ ಮೂರನೆಯ ಚಕ್ರ ಒಂದು ಮನೆ ಹಿಂದೆ ನಿಲ್ಲುವುದೂ ಇದೇ ವಿದ್ಯೆ.

ಆ ಚಾಕು ಬರುವ ಸಂಭವ ಎಷ್ಟು? ಸಂಭವದ ಲೆಕ್ಕವನ್ನು ಪ್ರಕಟಿಸಲೇಬೇಕೆಂದು ಚೀನಾ 2017ರ ಮೇ ತಿಂಗಳಿಂದ ನಿಯಮ ಮಾಡಿದ್ದರಿಂದ ಆ ಗುಟ್ಟು ಹೊರಬಿತ್ತು: ಶೇ 0.26. ಸರಾಸರಿ 385 ಪೆಟ್ಟಿಗೆಗೆ ಒಂದು ಚಾಕು. ಬೀಗದ ಕೈಗಳ ಖರ್ಚೇ ಸುಮಾರು 960 ಡಾಲರ್. ಅದೂ ಖಾತರಿಯಲ್ಲ. 385 ಪೆಟ್ಟಿಗೆ ತೆರೆದ ನೂರು ಜನರಲ್ಲಿ ಸುಮಾರು 37 ಜನ ಬರಿಗೈಯಲ್ಲೇ ಇರುತ್ತಾರೆ ಎನ್ನುತ್ತದೆ ಗಣಿತ. ‘ಇಷ್ಟು ಹಾಕಿದ್ದೇನೆ, ಇನ್ನು ಬಂದೇ ಬರುತ್ತದೆ’ ಎಂದುಕೊಂಡವನಿಗೆ 386ನೆಯ ಪೆಟ್ಟಿಗೆಯಲ್ಲೂ ಅದೇ ಶೇ 0.26.

ಇನ್ನು ಕಾನೂನು. ಬೆಲ್ಜಿಯಂ 2018ರ ಏಪ್ರಿಲ್‌ನಲ್ಲಿ ನೇರವಾಗಿ ಮಾತಾಡಿತು. ಆಟ ಇದೆ, ಪಣ ಇದೆ, ಸೋಲು ಗೆಲುವು ಇದೆ, ಅದೃಷ್ಟ ಇದೆ, ಆದ್ದರಿಂದ ಜೂಜು. ಬಂದ ವಸ್ತುವನ್ನು ಮಾರಿ ಕಾಸು ಮಾಡಬಹುದೇ ಎಂಬ ಪ್ರಶ್ನೆಯನ್ನು ಅವರು ಮುಖ್ಯ ಮಾಡಿಕೊಳ್ಳಲಿಲ್ಲ. ಫುಟ್‌ಬಾಲ್ ಆಟ ‘ಫಿಫಾ’ದ ಆಟಗಾರರ ಪ್ಯಾಕ್‌ಗಳಿಗೆ ಬೇಕಾದ ಪಾಯಿಂಟ್‌ಗಳನ್ನು ಇಎ ಕಂಪನಿ 2019ರ ಜನವರಿಯಲ್ಲಿ ಅಲ್ಲಿ ಮಾರುವುದನ್ನು ನಿಲ್ಲಿಸಿತು. ಬ್ರಿಟನ್ನಿನವರದು ಬೇರೆ ದಾರಿ. ಬಹುಮಾನಕ್ಕೆ ಆಟದ ಹೊರಗೆ ಹಣದ ಬೆಲೆ ಇಲ್ಲದಿದ್ದರೆ ತಮ್ಮ 2005ರ ಕಾಯ್ದೆ ಪ್ರಕಾರ ಅದು ಜೂಜಲ್ಲ ಎಂದರು. 2022ರ ಜುಲೈನಲ್ಲಿ ಸರ್ಕಾರವೂ ಕಾಯ್ದೆ ಬದಲಿಸುವುದಿಲ್ಲ ಎಂದಿತು.

ಈ ಹಣದ ಬೆಲೆಯ ವಾದ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಕೌಂಟರ್ ಸ್ಟ್ರೈಕ್ ಚಾಕುಗಳನ್ನು ಹೊರಗಿನ ತಾಣಗಳಲ್ಲಿ ರೊಕ್ಕಕ್ಕೆ ಮಾರುತ್ತಾರೆ, ಅವನ್ನೇ ಕ್ಯಾಸಿನೊದ ಚಿಪ್‌ಗಳಂತೆ ಪಣಕ್ಕಿಡುವ ತಾಣಗಳೂ ಹುಟ್ಟಿಕೊಂಡು 2016ರಲ್ಲಿ ವಾಲ್ವ್ ಅವುಗಳಿಗೆ ನೋಟಿಸು ಕೊಟ್ಟಿತು. ಅದಿರಲಿ. ಮಾರಲಾಗದ ವಸ್ತುವಾದರೆ ಅದಕ್ಕೆ ಬೆಲೆಯೇ ಇಲ್ಲವೇ? ನನ್ನ ಸೋದರಳಿಯನಿಗೆ ಆ ಕೋಟು ತನ್ನ ತರಗತಿಯ ಹುಡುಗರ ಮುಂದೆ ತಲೆ ಎತ್ತಿ ನಿಲ್ಲುವ ವಿಷಯ. ಮಾರಲಾಗದ ಜೂಜು ಇನ್ನೂ ಕ್ರೂರ ಎನ್ನುತ್ತೇನೆ. ಇಸ್ಪೀಟಿನ ಕಟ್ಟೆಯಲ್ಲಿ ಗೆದ್ದವನ ಪಾಲಾದ ದುಡ್ಡು ಎಂದಾದರೂ ವಾಪಸು ಬಂದೀತೆಂಬ ಆಸೆಗೆ ಒಂದು ಆಧಾರವಾದರೂ ಇತ್ತು. ಇಲ್ಲಿ ದುಡ್ಡು ಹೋಗುವುದಕ್ಕೆ ಮಾತ್ರ ಬಾಗಿಲು.

ನೆದರ್ಲೆಂಡ್ಸ್‌ನ ಪ್ರಕರಣ ಇನ್ನೂ ಸ್ವಾರಸ್ಯದ್ದು. ಅಲ್ಲಿನ ಜೂಜು ನಿಯಂತ್ರಕರು ಇದೇ ಫಿಫಾ ಪ್ಯಾಕ್‌ಗಳಿಗಾಗಿ ಇಎಗೆ 1 ಕೋಟಿ ಯೂರೊ ದಂಡ ಹಾಕಿದರು. 2020ರ ಅಕ್ಟೋಬರ್‌ನಲ್ಲಿ ಕೆಳಗಿನ ಕೋರ್ಟು ಅದನ್ನು ಎತ್ತಿಹಿಡಿಯಿತು. 2022ರ ಮಾರ್ಚ್‌ನಲ್ಲಿ ಮೇಲಿನ ನ್ಯಾಯಪೀಠ ದಂಡ ರದ್ದುಮಾಡಿತು. ಪ್ಯಾಕ್ ತೆರೆಯುವುದು ಪ್ರತ್ಯೇಕವಾದ ಆಟವಲ್ಲ, ಕೌಶಲದ ದೊಡ್ಡ ಆಟವೊಂದರ ಭಾಗ ಎಂಬುದು ಅದರ ತರ್ಕ. ಆ ತೀರ್ಪನ್ನು ಓದಿದಾಗಿನಿಂದ ಸಮಾಧಾನವಾಗದೆ ಉಳಿದಿದ್ದ ನನಗೆ ಉತ್ತರ ಸಿಕ್ಕಿದ್ದು ತಿಪಟೂರಿನ ನಡುಮನೆಯಲ್ಲಿ. ಪೆಟ್ಟಿಗೆ ಆಟದ ಭಾಗವೇ ಆಗಿದ್ದರೆ ಒಮ್ಮೆಯೂ ಆ ಆಟ ಆಡದ ಎಪ್ಪತ್ತರ ಅಜ್ಜಿ ಅದನ್ನು ಅವನಷ್ಟೇ ಚೆನ್ನಾಗಿ ಆಡಲು ಹೇಗಾಗುತ್ತಿತ್ತು?

ಕಂಪನಿಗಳ ವಾದ ನಿಮಗೂ ಹೊಳೆದಿರಬಹುದು. 2019ರ ಜೂನ್‌ನಲ್ಲಿ ಬ್ರಿಟನ್ ಸಂಸತ್ತಿನ ಸಮಿತಿಯ ಮುಂದೆ ಇಎ ಪ್ರತಿನಿಧಿ ಇವನ್ನು ಅಚ್ಚರಿಯ ವ್ಯವಸ್ಥೆ ಎಂದು ಕರೆದು, ಒಳಗೆ ಗೊಂಬೆ ಇರುವ ಚಾಕೊಲೇಟ್ ಮೊಟ್ಟೆಗೆ ಹೋಲಿಸಿದರು. ನಾನೂ ಬಬಲ್‌ಗಮ್ಮಿನ ಜೊತೆ ಬರುತ್ತಿದ್ದ ಕ್ರಿಕೆಟ್ ಕಾರ್ಡಿಗಾಗಿ ಎಂಟಾಣೆ ಒಂದು ರೂಪಾಯಿ ಕಳೆದವನೇ. ಆದರೆ ಅಲ್ಲಿ ಜಗಿಯಲು ಗಮ್ಮಾದರೂ ಉಳಿಯುತ್ತಿತ್ತು. ಎರಡೆರಡು ಬಂದ ಕಾರ್ಡನ್ನು ಪಕ್ಕದ ಬೆಂಚಿನವನಿಗೆ ಕೊಟ್ಟು ಇಲ್ಲದ್ದನ್ನು ಪಡೆಯುತ್ತಿದ್ದೆ. ಗೂಡಂಗಡಿ ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕುತ್ತಿತ್ತು. ಕೈಯಲ್ಲಿದ್ದ ಕಾಸು ಮುಗಿದರೆ ಅಂಗಡಿಯವರೇ “ಸಾಕು ಹೋಗೋ, ಅಪ್ಪನಿಗೆ ಹೇಳ್ತೀನಿ” ಎಂದು ಗದರುತ್ತಿದ್ದರು. ಈ ಪೆಟ್ಟಿಗೆ ಅಂಗಡಿ ನಡುರಾತ್ರಿಯಲ್ಲೂ ತೆರೆದಿರುತ್ತದೆ, ಹೋಗು ಎಂದು ಗದರುವವರು ಅಲ್ಲಿಲ್ಲ.

ಜೊತೆಗೆ ಬೆಲೆಯನ್ನೇ ಮಸುಕು ಮಾಡುವ ಉಪಾಯ. ‘ಗೆನ್‌ಶಿನ್ ಇಂಪ್ಯಾಕ್ಟ್’ ಆಟದಲ್ಲಿ ರೊಕ್ಕ ಕೊಟ್ಟರೆ ಹರಳು, ಹರಳು ಕೊಟ್ಟರೆ ಇನ್ನೊಂದು ರತ್ನ, 160 ರತ್ನ ಕೊಟ್ಟರೆ ಒಂದು ಅವಕಾಶ. ಆ ಒಂದು ಅವಕಾಶದಲ್ಲಿ ಐದು ನಕ್ಷತ್ರದ ಪಾತ್ರ ಸಿಗುವ ಮೂಲ ಸಂಭವ ಶೇ 0.6. ಇಷ್ಟು ಮೆಟ್ಟಿಲು ಹತ್ತಿದ ಮೇಲೆ ಎಷ್ಟು ಖರ್ಚಾಯಿತೆಂದು ದೊಡ್ಡವರಿಗೇ ಲೆಕ್ಕ ಸಿಗುವುದಿಲ್ಲ. ಅಮೆರಿಕದ ವ್ಯಾಪಾರ ಆಯೋಗ 2025ರ ಜನವರಿಯಲ್ಲಿ ಈ ಆಟದ ಕಂಪನಿಯ ವಿರುದ್ಧ ಎತ್ತಿದ್ದು ಈ ಆಕ್ಷೇಪವನ್ನೇ. ಪ್ರಕರಣ ಇತ್ಯರ್ಥಕ್ಕೆ ಕಂಪನಿ 2 ಕೋಟಿ ಡಾಲರ್ ಕಟ್ಟಲು, 16ರೊಳಗಿನವರಿಗೆ ಪೋಷಕರ ಒಪ್ಪಿಗೆ ಇಲ್ಲದೆ ಪೆಟ್ಟಿಗೆ ಮಾರದಿರಲು ಒಪ್ಪಿತು.

ನಮ್ಮಲ್ಲಿ ಕೌಶಲವೋ ಅದೃಷ್ಟವೋ ಎಂಬ ಚರ್ಚೆ ಹಳೆಯದು. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟು 1967ರಲ್ಲೇ ಹೇಳಿತ್ತು. ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ ಸರ್ಕಾರ 2021ರಲ್ಲಿ ತಂದ ಪೊಲೀಸ್ ಕಾಯ್ದೆ ತಿದ್ದುಪಡಿಯ ಮುಖ್ಯ ಅಂಶಗಳನ್ನು ನಮ್ಮ ಹೈಕೋರ್ಟು 2022ರ ಫೆಬ್ರವರಿ 14ರಂದು ಅನೂರ್ಜಿತಗೊಳಿಸಿದ್ದೂ ಈ ವ್ಯತ್ಯಾಸದ ಮೇಲೆಯೇ. ಆಮೇಲೆ 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂತು. ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟಿ ಲಾಭದ ನಿರೀಕ್ಷೆಯಲ್ಲಿ ಆಡುವ ಆನ್‌ಲೈನ್ ಆಟ ಕೂಡದು ಎಂದಿತು. ದುಡ್ಡಿನ ರಮ್ಮಿ, ಪೋಕರ್, ಫ್ಯಾಂಟಸಿ ಕ್ರಿಕೆಟ್ಟಿನ ದೊಡ್ಡ ದೊಡ್ಡ ಆ್ಯಪ್‌ಗಳು ವಹಿವಾಟು ನಿಲ್ಲಿಸಿದವು. ಪೆಟ್ಟಿಗೆಗಳ ಮಾರಾಟ ನಿಲ್ಲಲಿಲ್ಲ. ಆಟದೊಳಗಿನ ನಾಣ್ಯ, ಟೋಕನ್, ವಸ್ತುಗಳನ್ನೂ ಪಣವೆಂದೇ ಆ ಕಾಯ್ದೆ ಎಣಿಸುತ್ತದೆ. ಹಣದ ಲಾಭವಷ್ಟೇ ಅಲ್ಲ, ಇತರ ಲಾಭದ ಮಾತನ್ನೂ ಆಡುತ್ತದೆ. ಆ ‘ಇತರ’ದೊಳಗೆ ಬಂಗಾರದಂಚಿನ ಕೋಟು ಸೇರುತ್ತದೆಯೇ? ಸೇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಸಾಲಿಗೆ ಸ್ಪಷ್ಟವಾದ ಅರ್ಥವನ್ನು ಸರ್ಕಾರವೇ ಬರೆದು ಹೇಳಬೇಕು.

ನಿಷೇಧವೊಂದರಿಂದಲೇ ಎಲ್ಲ ಸರಿಹೋಗುತ್ತದೆ ಎಂದೂ ನಾನು ನಂಬಿಲ್ಲ. ಬೆಲ್ಜಿಯಂನಲ್ಲಿ ಹೆಚ್ಚು ಗಳಿಸುವ 100 ಐಫೋನ್ ಆಟಗಳನ್ನು ಸಂಶೋಧಕ ಲಿಯಾನ್ ಷಿಯಾವ್ ಪರಿಶೀಲಿಸಿದಾಗ, ನಿಷೇಧದ ನಂತರವೂ 82ರಲ್ಲಿ ಪೆಟ್ಟಿಗೆಗಳು ಸಿಕ್ಕವು. ಆದರೆ ಮನಸ್ಸು ಮಾಡಿದರೆ ಕಂಪನಿಗಳಿಗೆ ಬೇರೆ ದಾರಿ ಇಲ್ಲದಿಲ್ಲ. ‘ಫೋರ್ಟ್‌ನೈಟ್’ ಆಟದ ಒಂದು ಭಾಗದಲ್ಲಿ ಲಾಮಾ ಎಂಬ ಪ್ರಾಣಿಯ ಆಕಾರದ ಗೊಂಬೆಯೊಳಗೆ ವಸ್ತುಗಳನ್ನಿಟ್ಟು ಮಾರುತ್ತಿದ್ದರು. 2019ರ ಜನವರಿಯಲ್ಲಿ ಎಪಿಕ್ ಕಂಪನಿ ಆ ಗೊಂಬೆಯನ್ನು ಪಾರದರ್ಶಕ ಮಾಡಿತು. ಒಳಗೇನಿದೆ ನೋಡಿ, ಬೇಕಾದರೆ ಕೊಳ್ಳಿ, ಬೇಡವಾದರೆ ನಾಳೆ ಬನ್ನಿ. ಆಟವೇನೂ ಮುಳುಗಲಿಲ್ಲ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವವರೂ ತಿರುಗಿಸಿ ನೋಡಿಯೇ ಚೀಲಕ್ಕೆ ಹಾಕುತ್ತಾರೆ.

ಹೊರಡುವ ಮುನ್ನ ಸೋದರಳಿಯನನ್ನು ಕೂರಿಸಿಕೊಂಡೆ. ಬೈಯಲಿಲ್ಲ, ಅವನು ಮಾಡಿದ ತಪ್ಪು ಇದಲ್ಲ. “ಆ ಕೋಟು ನಿನಗೆ ಅಷ್ಟು ಇಷ್ಟ ಇದ್ರೆ ದೀಪಾವಳಿಗೆ ನಾನೇ ಕೊಡಿಸ್ತೀನಿ. ಎಷ್ಟಾಗುತ್ತೆ ನೋಡು” ಅಂದೆ. ಅವನ ಮುಖ ಅರಳಿತು. ಅಂಗಡಿಯ ಪುಟ ತೆರೆದ. ಇಬ್ಬರೂ ತಲೆಗೆ ತಲೆ ತಾಗಿಸಿ ಒಂದೊಂದೇ ಪುಟ ಸರಿಸುತ್ತ ಹುಡುಕಿದೆವು. ಒಂದು ಪೆಟ್ಟಿಗೆಯ ಬೆಲೆ ಇತ್ತು. ಹತ್ತು ಪೆಟ್ಟಿಗೆ ಒಟ್ಟಿಗೆ ಕೊಂಡರೆ ಆಗುವ ಬೆಲೆ ಇತ್ತು. ನಾಣ್ಯಗಳ ಆರು ಬಗೆಯ ಕಟ್ಟುಗಳ ಬೆಲೆ ಇತ್ತು.

“ಮಾಮ, ಕೋಟಿನ ಬೆಲೆ ಎಲ್ಲೂ ಹಾಕಿಲ್ಲ” ಅಂದ.